ಇನ್ನೂರು ಎಂದರೆ ಎಷ್ಟು?

ಹೈದರಾಬಾದಿನ ಕೋಠಿಯಲ್ಲಿ ಎರಡು ಬಗೆಯ ವ್ಯಾಪಾರ ಒಂದಕ್ಕೊಂದು ಅಂಟಿಕೊಂಡೇ ನಡೆಯುತ್ತದೆ. ಒಂದು ಕಡೆ ಹಳೆಯ ಪುಸ್ತಕಗಳು: ಎಂಜಿನಿಯರಿಂಗ್ ಪಠ್ಯ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ನಡುನಡುವೆ ಹಳೆಯ ಪತ್ರಿಕೆಗಳ ಕಟ್ಟು. ಇನ್ನೊಂದು ಕಡೆ ಗುಜರಾತಿ ಗಲ್ಲಿ: ಸ್ಪೀಕರು, ಆಂಪ್ಲಿಫೈಯರು, ಚಾರ್ಜರು, ವೈರು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ 1956ರವರೆಗೆ ಹೈದರಾಬಾದೇ ರಾಜಧಾನಿಯಾಗಿತ್ತು. ರಾಜ್ಯ ಬದಲಾದರೂ ಪುಸ್ತಕಕ್ಕೆ, ಸಾಮಾನಿಗೆ ಈ ಊರಿಗೆ ಹೋಗಿಬರುವ ರೂಢಿ ಆ ಕಡೆಯವರಿಗೆ ಪೂರ್ತಿ ತಪ್ಪಿಲ್ಲ.

ಇಂಥ ಗಲ್ಲಿಗಳಲ್ಲಿ ಓಡಾಡಿದವರು ಒಂದು ಪಾಠ ಕಲಿತಿರುತ್ತಾರೆ. ಸ್ಪೀಕರಿನ ಡಬ್ಬದ ಮೇಲೆ ಸಾವಿರಾರು ವಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಪಕ್ಕದಲ್ಲಿ ಸಣ್ಣಗೆ ‘ಪಿಎಂಪಿಒ’ ಎಂದಿರುತ್ತದೆ. ಶಬ್ದ ಎಷ್ಟು ಒಡೆದರೂ ಚಿಂತೆಯಿಲ್ಲ ಎಂದು, ಕ್ಷಣದ ಒಂದು ಚೂರಿಗೆ ಬರಬಹುದಾದ ಶಕ್ತಿಯನ್ನು ಲೆಕ್ಕ ಹಾಕಿ ಬರೆದ ಅಂಕಿ ಅದು. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ಪಳಗಿದ ಗಿರಾಕಿ ಆ ದಪ್ಪಕ್ಷರವನ್ನು ಓದುವುದೇ ಇಲ್ಲ. ಡಬ್ಬ ತಿರುಗಿಸಿ ‘ಆರ್‌ಎಂಎಸ್ ಎಷ್ಟು?’ ಎಂದು ಕೇಳುತ್ತಾನೆ. ಅಂದರೆ, ಗಂಟೆಗಟ್ಟಲೆ ಹಾಡಿದರೂ ನಿಲ್ಲುವ ಶಕ್ತಿ ಎಷ್ಟು? ಸಾವಿರಗಳಲ್ಲಿದ್ದ ಅಂಕಿ ಆಗ ಹತ್ತುಗಳಿಗೆ ಇಳಿಯುತ್ತದೆ. ಅಂಗಡಿಯವನಿಗೆ ಸಿಟ್ಟು ಬರುವುದಿಲ್ಲ, ಗಿರಾಕಿಗೆ ಆಶ್ಚರ್ಯವಾಗುವುದಿಲ್ಲ. ಡಬ್ಬದ ಅಂಕಿ ಬೇರೆ, ಅಸಲಿ ಅಂಕಿ ಬೇರೆ ಎಂಬುದು ಇಬ್ಬರಿಗೂ ತಿಳಿದ ಮಾತು.

ಅಷ್ಟೇ ತಿಳಿವಳಿಕೆ ಕಾರು ಕೊಳ್ಳುವಾಗ ಇರುವುದಿಲ್ಲ. ಕಾರಿನ ಹುಚ್ಚಿರುವ ನಾಲ್ಕು ಜನ ಸೇರಿದರೆ ಸಾಕು, ಮಾತು ಟಾಪ್ ಸ್ಪೀಡಿಗೆ ಬಂದು ನಿಲ್ಲುತ್ತದೆ. ‘ಕಂಪನಿ 180 ಅನ್ನುತ್ತದೆ, ನನ್ನದು ಔಟರ್ ರಿಂಗ್ ರೋಡಿನಲ್ಲಿ 200 ಮುಟ್ಟಿತು’ ಎಂದು ಒಬ್ಬ. ‘ಕಂಪನಿ 190 ಅನ್ನುತ್ತದೆ, 170 ದಾಟುವುದೇ ಇಲ್ಲ, ಎಲ್ಲ ಬುರುಡೆ’ ಎಂದು ಇನ್ನೊಬ್ಬ. ಮೂರನೆಯವನು ಮೊಬೈಲಿನ ಫೋಟೊ ತೋರಿಸುತ್ತಾನೆ: ಸ್ಪೀಡೋಮೀಟರಿನ ಮುಳ್ಳು ಕೊನೆಯ ಅಂಕಿಯ ಮೇಲೆ ನಿಂತಿದೆ. ವಾದ ಮುಗಿಯುವುದಿಲ್ಲ. ಮುಗಿಯದಿರಲು ಕಾರಣ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂಬುದಲ್ಲ. ಮೂವರೂ ಮೂರು ಬೇರೆ ಬೇರೆ ಅಳತೆಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದಾರೆ.

ಕಂಪನಿಯ ಅಂಕಿಯನ್ನು ಅನುಮಾನಿಸುವ ಈ ಹುಡುಗರು ಮೂಲತಃ ಸರಿ. ಆದರೆ ಅವರು ಪರೀಕ್ಷೆಗೆ ಹಚ್ಚುತ್ತಿರುವ ಅಂಕಿ ತಪ್ಪು, ಪರೀಕ್ಷೆಯ ಜಾಗವಂತೂ ಇನ್ನೂ ತಪ್ಪು. ಷರತ್ತು ಹೇಳದ ಅಂಕಿಯನ್ನು ಇನ್ನೊಂದು ಷರತ್ತಿಲ್ಲದ ಅಂಕಿಯಿಂದ ಸೋಲಿಸಲು ಹೋಗಿ ಜೀವ ಪಣಕ್ಕಿಡುವುದು ಜಾಣತನವಲ್ಲ.

ಮೊದಲು ಆ ಫೋಟೊದ ವಿಷಯ. ಸ್ಪೀಡೋಮೀಟರು ನಿಜ ಹೇಳಬೇಕೆಂದು ಯಾವ ಕಾನೂನೂ ಕೇಳುವುದಿಲ್ಲ. ಸುರಕ್ಷಿತ ದಿಕ್ಕಿನಲ್ಲಿ ಸುಳ್ಳು ಹೇಳಬೇಕೆಂದು ಕೇಳುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೆಯದು ಇದಕ್ಕೇ ಮೀಸಲು. ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು: ನಿಜ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ ಇನ್ನೊಂದು 4 ಕಿಲೋಮೀಟರ್ ತನಕ. ಕಾರು ನಿಜವಾಗಿ 100ರಲ್ಲಿ ಓಡುತ್ತಿದ್ದರೆ ಮುಳ್ಳು 114ರವರೆಗೂ ಹೋಗಬಹುದು, ನಿಯಮ ಮುರಿದಂತಾಗುವುದಿಲ್ಲ. ಇದನ್ನೇ ತಿರುಗಿಸಿ ಲೆಕ್ಕ ಹಾಕಿದರೆ, ಮುಳ್ಳು 200 ತೋರಿಸುವಾಗ ನಿಜ ವೇಗ 178ರಷ್ಟು ಕಡಿಮೆ ಇರಲು ಅವಕಾಶವಿದೆ. ಅಂದರೆ ‘ಕಂಪನಿ 180 ಅನ್ನುತ್ತದೆ, ನನ್ನದು 200 ಮುಟ್ಟಿತು’ ಎಂಬ ಹೆಮ್ಮೆಯಲ್ಲಿ ಕಂಪನಿಯೂ ಸುಳ್ಳು ಹೇಳಿಲ್ಲ, ಮೀಟರೂ ನಿಯಮ ಮೀರಿಲ್ಲ. ಹುಡುಗ ತನ್ನ ಕಾರು ಬ್ರೋಷರಿಗಿಂತ ಜೋರು ಎಂದುಕೊಂಡಿದ್ದಾನೆ. ಅದು ಬ್ರೋಷರಿನಷ್ಟೇ ಇದೆ. ಟೈರು ಸವೆದಿದ್ದರೆ, ಇಲ್ಲವೇ ಬೇರೆ ಅಳತೆಯ ಟೈರು ಹಾಕಿಸಿದ್ದರೆ, ಈ ಅಂತರ ಇನ್ನಷ್ಟು ಆಚೀಚೆಯಾಗುತ್ತದೆ.

ಎರಡನೆಯದು ಗಾಳಿಯ ಲೆಕ್ಕ. ವೇಗ ಹೆಚ್ಚಿದಂತೆ ಕಾರಿಗೆ ಎದುರಾಗುವ ದೊಡ್ಡ ಶತ್ರು ಗಾಳಿ. ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 100 ಅಶ್ವಶಕ್ತಿಯಲ್ಲಿ 180 ಮುಟ್ಟುವ ಕಾರು 200 ಮುಟ್ಟಬೇಕಾದರೆ ಸುಮಾರು 137 ಅಶ್ವಶಕ್ತಿ ಬೇಕು. 20 ಕಿಲೋಮೀಟರ್ ವೇಗಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದೊಡ್ಡ ಎಂಜಿನ್. ಏರ್ ಫಿಲ್ಟರ್ ಬದಲಿಸಿ, ಸೈಲೆನ್ಸರ್ ಬದಲಿಸಿ 15–20 ಹೆಚ್ಚಿಸಿಕೊಂಡೆ ಎನ್ನುವವನ ಮಾತನ್ನು ಇದೊಂದೇ ಲೆಕ್ಕದಿಂದ ತೂಗಬಹುದು. ಅದೇ ರೀತಿ ಸ್ವಲ್ಪ ಇಳಿಜಾರು, ಬೆನ್ನಿಗೆ ಬೀಸುವ ಗಾಳಿ, ಮುಂದೆ ಓಡುವ ಲಾರಿಯ ಮರೆ ಇವೆಲ್ಲ ಕಾಣಿಕೆ ಕೊಡುತ್ತವೆ. ಅದಕ್ಕೇ ದಾಖಲೆ ಬರೆಯುವವರು ಒಂದು ದಿಕ್ಕಿನ ಓಟವನ್ನು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯ ವೇಗದಾಖಲೆಯ ನಿಯಮದಂತೆ ಅದೇ ಹಾದಿಯಲ್ಲಿ ಎರಡೂ ದಿಕ್ಕಿಗೆ, ಒಂದು ಗಂಟೆಯೊಳಗೆ ಓಡಬೇಕು. ಸರಾಸರಿ ಮಾತ್ರ ಲೆಕ್ಕಕ್ಕೆ. ಹೋಗುವಾಗ ಗಾಳಿ ಕೊಟ್ಟದ್ದನ್ನು ಬರುವಾಗ ಕಿತ್ತುಕೊಳ್ಳಲಿ ಎಂಬ ನ್ಯಾಯ.

ಎತ್ತರದ ಬಗ್ಗೆಯೂ ಒಂದು ಜನಪ್ರಿಯ ವಾದವಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಹೈದರಾಬಾದು 500ಕ್ಕಿಂತ ಹೆಚ್ಚು, ಅದಕ್ಕೇ ಇಲ್ಲಿ ಚೆನ್ನೈನಷ್ಟು ವೇಗ ಬರುವುದಿಲ್ಲ ಎಂಬುದು. ಅರ್ಧ ನಿಜ. ತೆಳುವಾದ ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಆದರೆ ಅದೇ ತೆಳು ಗಾಳಿ ಕಾರನ್ನು ತಡೆಯುವುದೂ ಕಡಿಮೆ. ಟಾಪ್ ಸ್ಪೀಡಿನ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಸರಿದೂಗಿಬಿಡುತ್ತವೆ. ಪಿಕಪ್ ಮಂದವಾಗಿರುವುದು ಗೊತ್ತಾಗುತ್ತದೆ. ಕೊನೆಯ ವೇಗ ಅಷ್ಟಾಗಿ ಬದಲಾಗುವುದಿಲ್ಲ. ಟರ್ಬೊ ಇದ್ದ ಎಂಜಿನ್ನಿಗಂತೂ ಎತ್ತರ ಸ್ವಲ್ಪ ಅನುಕೂಲವೇ.

ಇಷ್ಟಾದ ಮೇಲೆ ಕಂಪನಿಗಳ ಕಡೆಗೆ ತಿರುಗಬಹುದು. ಅವರ ಅಂಕಿ ಎಂದರೆ ವೇದವಾಕ್ಯವಲ್ಲ. ಇಂಗ್ಲೆಂಡಿನ ಜಾಗ್ವಾರ್ ಕಂಪನಿಯ ಮೂರು ಕಾರುಗಳ ಕತೆ ಸಾಕು. 1948ರಲ್ಲಿ ಬಂದ ಎಕ್ಸ್‌ಕೆ120ಗೆ ಆ ಹೆಸರು ಬಂದದ್ದು ಗಂಟೆಗೆ 120 ಮೈಲಿ, ಅಂದರೆ 193 ಕಿಲೋಮೀಟರ್ ಓಡುತ್ತದೆ ಎಂಬ ಘೋಷಣೆಯಿಂದ. ಜನ ನಂಬಲಿಲ್ಲ. 1949ರ ಮೇ ತಿಂಗಳಲ್ಲಿ ಕಂಪನಿ ಪತ್ರಕರ್ತರನ್ನು ಬೆಲ್ಜಿಯಂನ ಜಬ್ಬೆಕೆ ಎಂಬಲ್ಲಿಗೆ ಕರೆದೊಯ್ದು, ಮುಚ್ಚಿದ ಹೆದ್ದಾರಿಯಲ್ಲಿ 132 ಮೈಲಿ ಓಡಿಸಿ ತೋರಿಸಿತು. ಹೇಳಿದ್ದಕ್ಕಿಂತ ಹೆಚ್ಚು! ಆದರೆ ಮುಂದಿನ ಗಾಜನ್ನು ತೆಗೆದು, ಗಾಳಿ ತಡೆಯದಂತೆ ಕಾರನ್ನು ಸಜ್ಜುಮಾಡಿದ್ದರು. 1961ರಲ್ಲಿ ಬಂದ ಇ-ಟೈಪಿಗೆ 150 ಮೈಲಿ ಎಂದರು. ಬ್ರಿಟನ್ನಿನ ಪತ್ರಿಕೆಯೊಂದರ ಪರೀಕ್ಷೆಯಲ್ಲಿ 150.4 ಬಂತು. ಆ ಪರೀಕ್ಷೆಗೆ ಕೊಟ್ಟ ಕಾರುಗಳನ್ನು ವಿಶೇಷವಾಗಿ ಹದಗೊಳಿಸಿದ್ದರು. ಷೋರೂಮಿನಿಂದ ಹೊರಬಿದ್ದ ಕಾರುಗಳಿಗೆ ಆ ವೇಗ ಕನಸಾಗಿತ್ತು. ಮೂರನೆಯದು ಎಕ್ಸ್‌ಜೆ220. ಇದರ ಹೆಸರಿನಲ್ಲಿದ್ದ 220 ಮೈಲಿಯನ್ನು ಕಾರು ಮುಟ್ಟಲೇ ಇಲ್ಲ. 1992ರಲ್ಲಿ ಇಟಲಿಯ ನಾರ್ದೊ ಟ್ರ್ಯಾಕಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿ, ಎಂಜಿನ್ನಿನ ಸುತ್ತುಗಳ ಮಿತಿಯನ್ನು ಸಡಿಲಿಸಿ ಓಡಿಸಿದಾಗ 217ಕ್ಕೆ ನಿಂತಿತು. ನಾರ್ದೊ ದುಂಡಗಿನ ಟ್ರ್ಯಾಕು, ಟೈರು ಸದಾ ಬದಿಗೆ ಉಜ್ಜುತ್ತಲೇ ಇರುತ್ತದೆ, ನೇರ ರಸ್ತೆಯಾಗಿದ್ದರೆ ಮುಟ್ಟುತ್ತಿತ್ತು ಎಂದು ಅಭಿಮಾನಿಗಳು ಈಗಲೂ ವಾದಿಸುತ್ತಾರೆ. ಆ ವಾದದಲ್ಲಿ ಹುರುಳಿದೆ. ಅಂಕಿಗಿಂತ ಅಂಕಿಯ ಷರತ್ತು ಮುಖ್ಯ ಎಂಬುದನ್ನು ಅದು ತಾನೇ ಒಪ್ಪಿಕೊಳ್ಳುತ್ತದೆ.

ಕಂಪನಿಗಳು ಕಡಿಮೆ ಹೇಳಿದ ಉದಾಹರಣೆಗಳೂ ಇವೆ. ಜಪಾನಿನ ಕಾರು ಕಂಪನಿಗಳು 1989ರಿಂದ 2004ರವರೆಗೆ ತಮ್ಮ ಯಾವ ಕಾರಿಗೂ 280ಕ್ಕಿಂತ ಹೆಚ್ಚು ಅಶ್ವಶಕ್ತಿ ನಮೂದಿಸುವುದಿಲ್ಲ ಎಂದು ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದವು. ಅದಕ್ಕಿಂತ ಹೆಚ್ಚು ಶಕ್ತಿಯ ಕಾರುಗಳೂ ಕಾಗದದ ಮೇಲೆ 280ಕ್ಕೇ ನಿಂತವು. ಜರ್ಮನಿಯ ದೊಡ್ಡ ಕಂಪನಿಗಳು 250 ಕಿಲೋಮೀಟರಿಗೆ ವೇಗವನ್ನು ಕಟ್ಟಿಹಾಕುವ ಇಂಥದೇ ಒಪ್ಪಂದ ಮಾಡಿಕೊಂಡವು. ಬುಗಾಟಿ ವೇರಾನ್ ಸೂಪರ್ ಸ್ಪೋರ್ಟ್ 2010ರಲ್ಲಿ 431 ಕಿಲೋಮೀಟರ್ ಓಡಿ ದಾಖಲೆ ಬರೆಯಿತು. ಗಿರಾಕಿಗಳ ಕೈಗೆ ಕೊಟ್ಟ ಕಾರುಗಳನ್ನು ಟೈರಿನ ಹಿತಕ್ಕಾಗಿ 415ಕ್ಕೆ ಮಿತಿಗೊಳಿಸಲಾಯಿತು. ಹಾಗಾದರೆ ಆ ಕಾರಿನ ನಿಜವಾದ ಟಾಪ್ ಸ್ಪೀಡು ಯಾವುದು? ಗಿನ್ನೆಸ್ ದಾಖಲೆಯವರೇ 2013ರಲ್ಲಿ ಈ ಪ್ರಶ್ನೆಗೆ ಸಿಕ್ಕಿ ದಾಖಲೆಯನ್ನು ಅಮಾನತಿನಲ್ಲಿಟ್ಟರು, ಕೆಲವೇ ದಿನಗಳಲ್ಲಿ ಮರಳಿಸಿದರು.

ಅಭಿಮಾನಿಗಳ ಅನುಮಾನಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ 2020ರ ಅಕ್ಟೋಬರಿನ ಘಟನೆಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಅಮೆರಿಕದ ಎಸ್‌ಎಸ್‌ಸಿ ಎಂಬ ಸಣ್ಣ ಕಂಪನಿ ತನ್ನ ಟ್ವಾಟಾರಾ ಕಾರು ನೆವಾಡಾದ ಹೆದ್ದಾರಿಯೊಂದರಲ್ಲಿ ಎರಡೂ ದಿಕ್ಕಿನ ಸರಾಸರಿಯಲ್ಲಿ 508 ಕಿಲೋಮೀಟರ್ ಮುಟ್ಟಿತು ಎಂದು ಸಾರಿತು. ಜಗತ್ತಿನ ಪತ್ರಿಕೆಗಳು ಹಾಗೆಯೇ ಅಚ್ಚು ಹಾಕಿದವು. ಕಾರಿನ ಹುಚ್ಚಿನ ಕೆಲವರು ಮಾತ್ರ ವಿಡಿಯೊ ಮುಂದಿಟ್ಟುಕೊಂಡು ಕೂತರು. ಅದೇ ರಸ್ತೆಯಲ್ಲಿ 2017ರಲ್ಲಿ ಕೋನಿಗ್‌ಸೆಗ್ ಕಾರು 447 ಕಿಲೋಮೀಟರಿನ ದಾಖಲೆ ಮಾಡಿದ್ದ ವಿಡಿಯೊ ಇತ್ತು. ರಸ್ತೆಯ ಬದಿಯ ಗುರುತುಗಳ ನಡುವಿನ ದೂರವನ್ನು ಅಳೆದು, ಎರಡೂ ಕಾರು ಅವನ್ನು ದಾಟಲು ತೆಗೆದುಕೊಂಡ ಸೆಕೆಂಡುಗಳನ್ನು ಎಣಿಸಿದರು. ಗೇರಿನ ಅನುಪಾತಕ್ಕೂ ಪರದೆಯ ಮೇಲಿನ ಅಂಕಿಗೂ ತಾಳೆ ನೋಡಿದರು. ಲೆಕ್ಕ ಕೂಡಲಿಲ್ಲ. ಒತ್ತಡ ಹೆಚ್ಚಾಗಿ ಕಂಪನಿಯ ಯಜಮಾನನೇ ಆ ಓಟವನ್ನು ಬದಿಗಿಟ್ಟು ಮತ್ತೆ ಓಡಿಸುವುದಾಗಿ ಹೇಳಬೇಕಾಯಿತು. 2021ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಮತ್ತೆ ಓಡಿಸಿದಾಗ ಬಂದ ಸರಾಸರಿ 455. ಸಾರಿದ್ದಕ್ಕಿಂತ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಕಡಿಮೆ. ಇದನ್ನು ಹೊರಗೆಡವಲು ಯಾರೂ ಆಕ್ಸಿಲರೇಟರ್ ಒತ್ತಲಿಲ್ಲ. ಕುಳಿತು ಲೆಕ್ಕ ಹಾಕಿದರು.

ಭಾರತದಲ್ಲಿ ಈ ಅನುಮಾನಕ್ಕೆ ಇನ್ನೂ ಗಟ್ಟಿಯಾದ ಕಾರಣಗಳಿವೆ. 2013ರಲ್ಲಿ ಜನರಲ್ ಮೋಟಾರ್ಸ್ ಕಂಪನಿ 2005ರಿಂದ ತಯಾರಿಸಿದ 1.14 ಲಕ್ಷ ಷೆವರ್ಲೆ ತವೇರಾಗಳನ್ನು ವಾಪಸು ಕರೆಯಿತು. ಸರ್ಕಾರಿ ತಪಾಸಣೆಗೆ ಕಳಿಸುವ ಗಾಡಿಗಳಿಗೆ ಹೊಗೆ ಕಡಿಮೆ ಉಗುಳುವ ಎಂಜಿನ್ನುಗಳನ್ನು ಆರಿಸಿ ಜೋಡಿಸಲಾಗುತ್ತಿತ್ತು ಎಂದು ಕಂಪನಿಯೇ ಒಪ್ಪಿಕೊಂಡಿತು. 2015ರಲ್ಲಿ ಫೋಕ್ಸ್‌ವ್ಯಾಗನ್ ಹಗರಣ ಬಯಲಾಯಿತು. ಪರೀಕ್ಷೆ ನಡೆಯುತ್ತಿದೆ ಎಂದು ಕಾರಿನ ಕಂಪ್ಯೂಟರೇ ಗುರುತಿಸಿ ಶುದ್ಧವಾಗಿ ನಡೆದುಕೊಳ್ಳುತ್ತಿತ್ತು, ರಸ್ತೆಗೆ ಬಂದೊಡನೆ ಹಳೆಯ ಚಾಳಿ. ಭಾರತದಲ್ಲಿಯೂ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಯಬೇಕಾಯಿತು. ಮೈಲೇಜಿನ ಕತೆ ಎಲ್ಲರಿಗೂ ಗೊತ್ತು. ಭಾರತದ ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ನಡೆಸುವ ಪರೀಕ್ಷೆಯಲ್ಲಿ ಗರಿಷ್ಠ ವೇಗ 90 ಕಿಲೋಮೀಟರ್. ಅಲ್ಲಿ ಎದುರುಗಾಳಿಯಿಲ್ಲ, ಕೋಠಿಯ ಟ್ರಾಫಿಕ್ಕಿಲ್ಲ, ಎಸಿ ಹಾಕುವ ಮನೆಮಂದಿಯಿಲ್ಲ. 2004ರಲ್ಲಿ ಲೀಟರಿಗೆ 16ರಿಂದ 18 ಕಿಲೋಮೀಟರ್ ಎಂಬ ಜಾಹೀರಾತು ನೋಡಿ ಝೆನ್ ಕಾರು ಕೊಂಡ ಗ್ರಾಹಕರೊಬ್ಬರಿಗೆ ಸಿಕ್ಕದ್ದು 10 ಚಿಲ್ಲರೆ. ಅವರು ಗ್ರಾಹಕ ನ್ಯಾಯಾಲಯಕ್ಕೆ ಹೋದರು. ರಾಷ್ಟ್ರೀಯ ಗ್ರಾಹಕ ಆಯೋಗ ಒಂದು ಲಕ್ಷ ರೂಪಾಯಿ ಪರಿಹಾರ ಎತ್ತಿಹಿಡಿದಾಗ 2024 ಬಂದಿತ್ತು. ಅಂಕಿಯೊಂದನ್ನು ಪ್ರಶ್ನಿಸಲು ಇಪ್ಪತ್ತು ವರ್ಷ.

ಟಾಪ್ ಸ್ಪೀಡಿನ ವಿಷಯದಲ್ಲೇ ಸುಳ್ಳು ತಲೆಕೆಳಗಾಗಿ ನಿಂತ ಜಾಗವೂ ಇಲ್ಲಿದೆ. ಮೋಟಾರಿನ ಶಕ್ತಿ 250 ವಾಟ್ ಮೀರದ, ವೇಗ 25 ಕಿಲೋಮೀಟರ್ ದಾಟದ ಎಲೆಕ್ಟ್ರಿಕ್ ದ್ವಿಚಕ್ರಿಗೆ ಭಾರತದಲ್ಲಿ ನೋಂದಣಿ ಬೇಡ, ಲೈಸೆನ್ಸ್ ಬೇಡ. ಹೀಗಾಗಿ ಕಾಗದದ ಮೇಲೆ 25 ಇರುವ, ಒಂದು ವೈರು ಕಿತ್ತರೆ 40 ದಾಟುವ ಸ್ಕೂಟರುಗಳು ಪೇಟೆಗೆ ಬಂದವು. ಸಾರಿಗೆ ಇಲಾಖೆಗಳು ದಾಳಿ ನಡೆಸಿದವು. ವೇಗ ಮಾರಾಟವಾಗುವಲ್ಲಿ ಅಂಕಿ ಉಬ್ಬುತ್ತದೆ, ನಿಧಾನಕ್ಕೆ ಲಾಭವಿರುವಲ್ಲಿ ಅದೇ ಅಂಕಿ ಕುಗ್ಗುತ್ತದೆ. ಎರಡೂ ಕಡೆ ಕಾರಣ ಒಂದೇ: ಅಳೆದವರು ಯಾರು, ಹೇಗೆ ಎಂದು ಕೇಳುವವರಿಲ್ಲ.

ಇಷ್ಟೆಲ್ಲ ಇರುವಾಗ ‘ನಾನೇ ಅಳೆದು ನೋಡುತ್ತೇನೆ’ ಎಂದು ಹುಡುಗ ಹೊರಡುವುದರಲ್ಲಿ ಒಂದು ನ್ಯಾಯವಿದೆ. ಅವನು ಹೋಗುವ ಜಾಗದಲ್ಲಿ ಆ ನ್ಯಾಯ ಮುಗಿಯುತ್ತದೆ. ಹೈದರಾಬಾದನ್ನು ಸುತ್ತುವರಿದ 158 ಕಿಲೋಮೀಟರಿನ ಔಟರ್ ರಿಂಗ್ ರೋಡಿಗೆ ಎಂಟು ಪಥಗಳಿವೆ, ಅಡ್ಡರಸ್ತೆಗಳಿಲ್ಲ, ಸಿಗ್ನಲ್ಲಿಲ್ಲ. ವೇಗದ ಪಥಗಳ ಮಿತಿಯನ್ನು 2023ರಲ್ಲಿ 100ರಿಂದ 120ಕ್ಕೆ ಏರಿಸಿದರು. ನೋಡಲು ಅದು ಟ್ರ್ಯಾಕಿನಂತೆಯೇ ಇದೆ, ಆದರೆ ಟ್ರ್ಯಾಕಲ್ಲ. 2011ರ ಸೆಪ್ಟೆಂಬರಿನಲ್ಲಿ ಇದೇ ರಸ್ತೆಯಲ್ಲಿ ಸಾವಿರ ಸಿಸಿಯ ಬೈಕು ಉರುಳಿ ಕ್ರಿಕೆಟ್ ತಂಡದ ಮಾಜಿ ನಾಯಕ ಅಜರುದ್ದೀನರ 19 ವರ್ಷದ ಮಗ ಹಾಗೂ ಜತೆಗಿದ್ದ ಬಂಧು ಹುಡುಗ ತೀರಿಕೊಂಡರು. ಅದೇ ಡಿಸೆಂಬರಿನಲ್ಲಿ ಕಾರು ಅಪಘಾತದಲ್ಲಿ ರಾಜಕಾರಣಿ ಕೋಮಟಿರೆಡ್ಡಿ ವೆಂಕಟರೆಡ್ಡಿಯವರ ಮಗ ಅದೇ ರಸ್ತೆಯಲ್ಲಿ ಹೋದ. ಹೆಸರಾಂತರ ಮನೆಯವರಾದ್ದರಿಂದ ಊರಿಗೆಲ್ಲ ನೆನಪಿದೆ. ಕರ್ನಾಟಕದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ತೆರೆದ 2023ರಲ್ಲೂ ಸಾವುಗಳ ಸಾಲು ಕಂಡ ಮೇಲೆಯೇ ಆಗಸ್ಟಿನಿಂದ ಬೈಕು, ಆಟೊಗಳನ್ನು ಮುಖ್ಯಪಥದಿಂದ ಹೊರಗಿಟ್ಟದ್ದು, ಕ್ಯಾಮೆರಾ ಹಾಕಿ 100ರ ಮಿತಿಯನ್ನು ಬಿಗಿ ಮಾಡಿದ್ದು. ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ 71ರಷ್ಟನ್ನು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಅತಿವೇಗದ ಲೆಕ್ಕಕ್ಕೆ ಬರೆದಿದೆ. ಪೊಲೀಸರು ಕಾರಣದ ಕಾಲಮ್ಮಿನಲ್ಲಿ ಸುಲಭಕ್ಕೆ ‘ಅತಿವೇಗ’ ಎಂದು ಬರೆದುಬಿಡುತ್ತಾರೆ ಎಂಬ ಆಕ್ಷೇಪ ಇದೆ, ಇರಲಿ. ಅರ್ಧ ಕಳೆದರೂ ಉಳಿಯುವ ಸಂಖ್ಯೆ ಸಣ್ಣದಲ್ಲ.

ನಿಲ್ಲಿಸುವ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಬೇಕು. ಒಣ ರಸ್ತೆ, ಒಳ್ಳೆಯ ಟೈರು, ಒಳ್ಳೆಯ ಬ್ರೇಕು ಎಂದಿಟ್ಟುಕೊಳ್ಳೋಣ. ಎದುರಿಗೆ ಏನೋ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು. 100ರಲ್ಲಿ ಓಡುವ ಕಾರು ಆ ಸೆಕೆಂಡಿನಲ್ಲಿ 28 ಮೀಟರ್ ಕ್ರಮಿಸುತ್ತದೆ, ಆಮೇಲೆ ಸುಮಾರು 49 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 77 ಮೀಟರ್. 180ರಲ್ಲಿ ಓಡುವ ಕಾರು ಅದೇ ಒಂದು ಸೆಕೆಂಡಿನಲ್ಲಿ 50 ಮೀಟರ್ ದಾಟುತ್ತದೆ, ಬ್ರೇಕು ಹಿಡಿದ ಮೇಲೆ ಇನ್ನೂ 159 ಮೀಟರ್. ಒಟ್ಟು 200 ಮೀಟರಿಗಿಂತ ಹೆಚ್ಚು. ಮೊದಲ ಕಾರು ಪೂರ್ತಿ ನಿಂತ ಆ 77ನೇ ಮೀಟರಿನಲ್ಲಿ ಎರಡನೆಯ ಕಾರಿನ ವೇಗ ಎಷ್ಟಿರುತ್ತದೆ? ಸುಮಾರು 164. ಅಲ್ಲಿ ಕೆಟ್ಟು ನಿಂತ ಲಾರಿಯಿದ್ದರೆ, ದಾರಿ ದಾಟುವ ಎಮ್ಮೆಯಿದ್ದರೆ, ಬ್ರೇಕು ಒತ್ತಿದ್ದಕ್ಕೆ ಹೆಚ್ಚು ಅರ್ಥವಿಲ್ಲ.

ಇನ್ನೊಂದು ಅಂಕಿಯನ್ನೂ ಇದರ ಪಕ್ಕ ಇಡಬೇಕು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಸಿಎಪಿ ಜಾರಿಯಲ್ಲಿದೆ, ‘ಐದು ನಕ್ಷತ್ರ’ದ ಕಾರು ಎಂದು ಜನ ಕೇಳಿ ಕೊಳ್ಳುತ್ತಿದ್ದಾರೆ. ಒಳ್ಳೆಯದೇ. ಆದರೆ ಆ ನಕ್ಷತ್ರ ಕೊಡಲು ಕಾರನ್ನು ಮುಂಭಾಗದಿಂದ ಗುದ್ದಿಸುವ ವೇಗ 64 ಕಿಲೋಮೀಟರ್. 180ರಲ್ಲಿ ಓಡುವ ಕಾರು ಹೊತ್ತಿರುವ ಶಕ್ತಿ ಅದರ ಸುಮಾರು ಎಂಟು ಪಟ್ಟು. ಐದು ನಕ್ಷತ್ರದ ಧೈರ್ಯದಲ್ಲಿ ಟಾಪ್ ಸ್ಪೀಡು ನೋಡಲು ಹೊರಟವನು ಒಂದು ಷರತ್ತಿನ ಅಂಕಿಯನ್ನು ಇನ್ನೊಂದು ಷರತ್ತಿಗೆ ಹೊಲಿಯುತ್ತಿದ್ದಾನೆ. ಟೈರಿನ ಪಕ್ಕದಲ್ಲಿ ಅಚ್ಚಾದ ಅಕ್ಷರವೂ ಹಾಗೆಯೇ: ‘ಎಸ್’ ಎಂದರೆ 180ರವರೆಗೆ, ‘ಟಿ’ ಎಂದರೆ 190, ‘ಎಚ್’ ಎಂದರೆ 210. ಹೊಸ ಟೈರು, ಸರಿಯಾದ ಗಾಳಿ ಇದ್ದಾಗಿನ ಮಾತು ಅದು. ಅಗ್ಗಕ್ಕೆ ಸಿಕ್ಕಿತೆಂದು ಕೆಳಗಿನ ದರ್ಜೆಯ ಟೈರು ಹಾಕಿಸಿಕೊಂಡವರ ಕಾರಿಗೆ ಬ್ರೋಷರಿನ ಟಾಪ್ ಸ್ಪೀಡು ಈಗ ಅನ್ವಯಿಸುವುದೇ ಇಲ್ಲ.

‘ಹಾಗಾದರೆ ಟಾಪ್ ಸ್ಪೀಡು ಬೇಡವೆ? ಎಲ್ಲೂ ಓಡಿಸಲಾಗದ ವೇಗವನ್ನು ಅಚ್ಚು ಹಾಕುವುದೇ ಮೂರ್ಖತನವಲ್ಲವೆ?’ ಎಂದು ಕೆಲವರು ಕೇಳಬಹುದು. ಅಷ್ಟು ಸರಳವಲ್ಲ. 190 ಮುಟ್ಟುವ ಶಕ್ತಿಯಿರುವ ಕಾರು 100ರಲ್ಲಿ ನಿರಾಯಾಸವಾಗಿ ಓಡುತ್ತದೆ, ಲಾರಿಯನ್ನು ಹಿಂದೆ ಹಾಕುವಾಗ ಎದುರುಪಥದಲ್ಲಿ ಕಡಿಮೆ ಹೊತ್ತು ಇರುತ್ತದೆ. ಯಂತ್ರದ ಬಗ್ಗೆ ಕುತೂಹಲ ಇರುವುದು ತಪ್ಪೂ ಅಲ್ಲ. ಕಂಪನಿಯ ಮಾತನ್ನು ಒರೆಗೆ ಹಚ್ಚುವ ಜನ ಇಲ್ಲದಿದ್ದರೆ ಟ್ವಾಟಾರಾದ 508 ಇಂದಿಗೂ ದಾಖಲೆಯಾಗಿ ಉಳಿಯುತ್ತಿತ್ತು. ಬೇಕಾದದ್ದು ಆ ಒರೆಗಲ್ಲು ಎಲ್ಲಿರಬೇಕು, ಏನನ್ನು ಒರೆಗೆ ಹಚ್ಚಬೇಕು ಎಂಬ ತೀರ್ಮಾನ.

ಜಾಗ ಈಗ ಇದೆ. ಇಂದೋರ್ ಸಮೀಪದ ಪೀತಂಪುರದಲ್ಲಿ ನ್ಯಾಟ್ರಾಕ್ಸ್‌ನ 11.3 ಕಿಲೋಮೀಟರಿನ ಅತಿವೇಗದ ಟ್ರ್ಯಾಕು 2021ರ ಜೂನಿನಲ್ಲಿ ಉದ್ಘಾಟನೆಯಾಯಿತು. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ್ದು. ಕಂಪನಿಗಳು ಅಲ್ಲಿ ಪರೀಕ್ಷೆ ಮಾಡುತ್ತವೆ, ವಾಹನ ಪತ್ರಿಕೆಗಳು ಬಾಡಿಗೆಗೆ ತೆಗೆದುಕೊಂಡು ಅಳೆದು ಅಚ್ಚು ಹಾಕಿವೆ. ತಿಂಗಳಿಗೊಂದು ದಿನ ಸಾಮಾನ್ಯ ಮಾಲೀಕರಿಗೂ ಕೈಗೆಟಕುವ ಶುಲ್ಕಕ್ಕೆ, ಟೈರು–ಬ್ರೇಕಿನ ತಪಾಸಣೆ ಮಾಡಿ, ಆಂಬುಲೆನ್ಸ್ ನಿಲ್ಲಿಸಿ ಅದನ್ನು ತೆರೆದರೆ ಎಷ್ಟೋ ವಾದಗಳು ಅಲ್ಲೇ ತೀರುತ್ತವೆ. ಹೆದ್ದಾರಿಯಲ್ಲಿ ಹುಡುಗರನ್ನು ಹಿಡಿದು ದಂಡ ಹಾಕುವುದರ ಜತೆಗೆ ಇದನ್ನೂ ಮಾಡದಿದ್ದರೆ, ಪರೀಕ್ಷಿಸುವ ಹುಮ್ಮಸ್ಸು ರಾತ್ರಿಯ ರಸ್ತೆಗೇ ಹೋಗುತ್ತದೆ.

ಒರೆಗೆ ಹಚ್ಚಬೇಕಾದದ್ದು ಷರತ್ತು. ಸ್ಪೀಕರಿನ ವಾಟುಗಳ ಬುರುಡೆ ಅಮೆರಿಕದಲ್ಲಿ ವಿಪರೀತವಾದಾಗ ಅಲ್ಲಿನ ವ್ಯಾಪಾರ ಆಯೋಗ 1974ರಲ್ಲಿ ಒಂದು ನಿಯಮ ತಂದಿತು: ಆಂಪ್ಲಿಫೈಯರಿನ ಶಕ್ತಿಯನ್ನು ಜಾಹೀರಾತಿನಲ್ಲಿ ಹೇಳುವುದಾದರೆ ಸತತ ಶಕ್ತಿಯನ್ನೇ ಹೇಳಬೇಕು, ಎಷ್ಟು ಭಾರಕ್ಕೆ, ಎಷ್ಟು ಕಂಪನಾಂಕದೊಳಗೆ, ಶಬ್ದ ಎಷ್ಟು ಕೆಟ್ಟರೆ ಎಂಬುದನ್ನೂ ಹೇಳಬೇಕು. ಅದಕ್ಕೂ ಎರಡು ವರ್ಷ ಮೊದಲು ಅಲ್ಲಿನ ಕಾರು ಕಂಪನಿಗಳು ಬರಿಯ ಎಂಜಿನ್ನನ್ನು ಮೇಜಿನ ಮೇಲಿಟ್ಟು ಅಳೆಯುವುದನ್ನು ಬಿಟ್ಟು, ಕಾರಿನಲ್ಲಿರುವ ಎಲ್ಲ ಭಾಗ ಜೋಡಿಸಿ ಅಳೆಯುವ ಪದ್ಧತಿಗೆ ಬಂದಿದ್ದವು. ಕ್ಯಾಡಿಲಾಕ್ ಎಲ್ಡೊರಾಡೊದ ಎಂಜಿನ್ 1971ರಲ್ಲಿ 365 ಅಶ್ವಶಕ್ತಿಯದು. 1972ರ ಪಟ್ಟಿಯಲ್ಲಿ ಅದೇ ಎಂಜಿನ್ 235ರದು. ಯಂತ್ರ ಬಡವಾಗಲಿಲ್ಲ, ಅಂಕಿ ಮಾತ್ರ ನೆಲಕ್ಕಿಳಿಯಿತು.

ಭಾರತದ ಬ್ರೋಷರುಗಳಿಗೂ ಇಷ್ಟನ್ನೇ ಕೇಳಬೇಕು. ಟಾಪ್ ಸ್ಪೀಡು ಬರೆಯುವುದಾದರೆ ಬರೆಯಲಿ. ಅದರ ಕೆಳಗೆ ಎರಡೂ ದಿಕ್ಕಿನ ಸರಾಸರಿಯೋ ಅಲ್ಲವೋ, ಎಷ್ಟು ಜನ ಕೂತಾಗ, ಯಾವ ಗೇರಿನಲ್ಲಿ, ಯಾವ ಟೈರಿನ ಮೇಲೆ, ಎಂಜಿನ್ ತಾನೇ ನಿಂತದ್ದೋ ಅಥವಾ ಕಂಪ್ಯೂಟರ್ ನಿಲ್ಲಿಸಿದ್ದೋ ಎಂಬುದು ಅಚ್ಚಾಗಲಿ. ಅದಕ್ಕಿಂತ ಮುಖ್ಯವಾಗಿ, ಇಂದು ಬ್ರೋಷರಿನಲ್ಲಿ ಹುಡುಕಿದರೂ ಸಿಗದ ಒಂದು ಅಂಕಿಯನ್ನು ಕಡ್ಡಾಯ ಮಾಡಬೇಕು: ಷೋರೂಮಿನಲ್ಲಿ ಕೊಟ್ಟ ಟೈರಿನೊಂದಿಗೆ, 100ರಿಂದ ಸೊನ್ನೆಗೆ, ಒಣ ರಸ್ತೆಯಲ್ಲಿ ಎಷ್ಟು ಮೀಟರ್, ಒದ್ದೆ ರಸ್ತೆಯಲ್ಲಿ ಎಷ್ಟು ಮೀಟರ್. ಈ ಅಂಕಿ ಬಂದ ದಿನ ಕಂಪನಿಗಳು ಅದರಲ್ಲಿ ಪೈಪೋಟಿ ಮಾಡತೊಡಗುತ್ತವೆ. ಖರ್ಚು ಉಳಿಸಲು ಹಾಕುವ ಸಣ್ಣ ಟೈರು, ಸಾಧಾರಣ ಬ್ರೇಕು ಆಗ ಎಲ್ಲರ ಕಣ್ಣಿಗೆ ಬೀಳುತ್ತದೆ.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಷೋರೂಮಿನಲ್ಲಿ ‘ಟಾಪ್ ಸ್ಪೀಡ್ ಎಷ್ಟು?’ ಎಂದು ಕೇಳುವ ಜಾಗದಲ್ಲಿ ‘100ರಲ್ಲಿ ಹೋಗುವಾಗ ಬ್ರೇಕು ಹಿಡಿದರೆ ಎಲ್ಲಿ ನಿಲ್ಲುತ್ತದೆ?’ ಎಂದು ಕೇಳಬಹುದು. ಸೇಲ್ಸ್‌ನವನಿಗೆ ಉತ್ತರ ಗೊತ್ತಿರುವುದಿಲ್ಲ; ಮ್ಯಾನೇಜರನ್ನು ಕರೆಯುತ್ತಾನೆ, ಅವನಿಗೂ ಗೊತ್ತಿರುವುದಿಲ್ಲ. ಹತ್ತು ಗಿರಾಕಿಗಳು ಕೇಳಿದರೆ ಹುಡುಕುತ್ತಾರೆ, ನೂರು ಗಿರಾಕಿಗಳು ಕೇಳಿದರೆ ಅಚ್ಚು ಹಾಕುತ್ತಾರೆ. ಸಾವಿರ ರೂಪಾಯಿಯ ಸ್ಪೀಕರಿಗೆ ‘ಆರ್‌ಎಂಎಸ್ ಎಷ್ಟು?’ ಎಂದು ಕೇಳುವ ಧೈರ್ಯವಿದ್ದವರಿಗೆ, ಹತ್ತು ಲಕ್ಷದ ಕಾರಿಗೆ ಇಷ್ಟು ಕೇಳಲು ಸಂಕೋಚ ಏಕೆ?